ಒದ್ದೆಯಾದಷ್ಟು ಕಳೆದು

ಟೇಪಿನ ತುದಿಗೆ ಎರಡು ಮೀಟರು ನೀಲಿ ಸೀಮೆಸುಣ್ಣ ಬಳಿಯಬೇಕು.
ಕೊಳವೆಯ ತುಟಿಯಲ್ಲಿ ನಲವತ್ತರ ಗುರುತು ಹಿಡಿದು
ಉಸಿರು ಕಟ್ಟಿ ನಿಲ್ಲಬೇಕು. ಉಸಿರಿಗೂ ನೀರಿಗೂ ಸಂಬಂಧವಿಲ್ಲ,
ಆದರೂ ನಿಲ್ಲುತ್ತೇನೆ, ಹದಿನಾಲ್ಕು ವರ್ಷದ ಚಾಳಿ.
ಮೇಲಕ್ಕೆಳೆದಾಗ ಸುಣ್ಣ ಕಪ್ಪಾದಲ್ಲಿವರೆಗೆ ನೀರು.
ಒದ್ದೆಯಾದಷ್ಟು ಕಳೆ.
ಉಳಿದದ್ದು ಆಳ.

"ಎಂತ ಲೋತು, ಮೇಡಂ?" ಹೋಟೆಲಿನ ಯರ್ರಪ್ಪ ಕೇಳುತ್ತಾನೆ.
ಬಾಗೇಪಲ್ಲಿಯ ಈ ಮೂಲೆಯಲ್ಲಿ ಆಳ ಕೇಳಲು ತೆಲುಗೇ ಸರಿ.
ಮೂವತ್ತೆಂಟು ಪಾಯಿಂಟ್ ನಾಲ್ಕು, ಅನ್ನುತ್ತೇನೆ.
ಅವನದನ್ನು ಮಾರುಗಳಿಗೆ ತಿರುಗಿಸಿಕೊಂಡು
ಇಪ್ಪತ್ತೊಂದು, ಅಯ್ಯೋ, ಎಂದು
ಟೀ ಲೋಟ ತೊಳೆಯುವ ಬಕೀಟಿಗೆ
ಒಂದು ಚೊಂಬು ಕಮ್ಮಿ ಸುರಿಯುತ್ತಾನೆ. ಅವತ್ತೊಂದು ದಿನ.
ಅಂಕಿಗೆ ಅಷ್ಟಾದರೂ ಬಲವಿದೆ.

ಗುಡ್ಡದಾಚೆ, ಚಿತ್ರಾವತಿ ಆಂಧ್ರಕ್ಕೆ ದಾಟಿದ ಮೇಲೆ,
ಕಡಲೇಕಾಯಿ ಹೊಲದಲ್ಲಿ ಇಂಥದೇ ಕೊಳವೆ, ಇಂಥದೇ ಟೇಪು.
ಹಿಡಿಯುವವನು ಓಬುಳೇಸು.
ತಿಂಗಳ ಐದಕ್ಕೆ ಫೋನು ಮಾಡಿ,
ನಿಮ್ಮನೇಲಿ ಏನು ಸಾರು ಅಂತ ಕೇಳುವ ಹಾಗೆ ಕೇಳುತ್ತಾನೆ.
ಅವನ ನೀರು ಯಾವಾಗಲೂ ನನ್ನದಕ್ಕಿಂತ ಎರಡಡಿ ಮೇಲೆ.
ಮಳೆಗೂ ಎರಡಡಿ. ಬೇಸಿಗೆಗೂ ಎರಡಡಿ.

ಆ ಎರಡಡಿಯ ಮೇಲೆ ಎಷ್ಟು ಮಾತು!
ನಮ್ಮ ನೀರು ಅವರು ಎಳಕೊಂಡರು, ಅಂದರು ಇಲ್ಲಿ.
ಮೇಲೆ ಒಡ್ಡು ಕಟ್ಟಿ ಹೊಳೆ ತಡೆದವರು ಯಾರು, ಅಂದರು ಅಲ್ಲಿ.
ಕಚೇರಿಯ ಗೋಡೆಯ ನಕ್ಷೆಯಲ್ಲಿ ನಮ್ಮ ಕಡೆ ಕಡುಗೆಂಪು,
ಗೆರೆ ದಾಟಿದೊಡನೆ ಹಳದಿ,
ಚೆಕ್‌ಪೋಸ್ಟಿನಲ್ಲಿ ಯಾರೋ ಬರಗಾಲಕ್ಕೆ ಕೈ ಅಡ್ಡ ಹಿಡಿದು
ಕಾಗದಪತ್ರ ತೋರಿಸು ಎಂದ ಹಾಗೆ.

ಕಳೆದ ಮಾಘದಲ್ಲಿ ಓಬುಳೇಸು ಬಂದೇಬಿಟ್ಟ,
ಟಿವಿಎಸ್ ಗಾಡಿ, ಹೆಗಲಲ್ಲಿ ಟೇಪು,
ಹೆಂಡತಿ ಕಟ್ಟಿಕೊಟ್ಟ ಹುರಿದ ಕಡಲೇಕಾಯಿ.
ನನ್ನ ಕೊಳವೆಗೆ ಅವನು ಟೇಪು ಬಿಟ್ಟ. ನಾನೂ ಬಿಟ್ಟೆ.
ಅದೇ ಬಾವಿ, ಅದೇ ಗಳಿಗೆ,
ಎರಡು ಉತ್ತರ.
"ಎಲ್ಲಿಂದ ಅಳೀತೀಯ?"
"ನೆಲದಿಂದ. ನೀವು?"
ನಾನು ಕೊಳವೆಯ ತುಟಿ ಮುಟ್ಟಿ ತೋರಿಸಿದೆ:
ನೆಲದ ಮೇಲೆ ಎರಡಡಿ ಎದ್ದು ನಿಂತ
ತುಕ್ಕು ಕಬ್ಬಿಣ.

ನಗಲಿಲ್ಲ ಅಂದರೆ ಸುಳ್ಳು. ಹೊಟ್ಟೆ ಹಿಡಿದು ನಕ್ಕೆವು.
ಆಮೇಲೆ ಅವನು ಸುಮ್ಮನೆ ಸಿಪ್ಪೆ ಆಯತೊಡಗಿದ.

ನನ್ನ ಪಕ್ಕದ ಕೋಣೆಯಲ್ಲಿ ಶಾಹೀನ್ ತಾಜ್,
ನೀರಿನ ಬಾಟಲಿಗಳಿಗೆ ಚೀಟಿ ಅಂಟಿಸುವವಳು.
ಅವಳ ಬೀರುವಿಗೂ ನನ್ನ ಬೀರುವಿಗೂ ನಡುವೆ
ಒಂದು ಗೋಡೆ, ಎರಡು ಇಲಾಖೆ.
ಅವಳ ಪುಸ್ತಕವನ್ನು ನಾನು ಅವತ್ತೇ ಮೊದಲು ತೆರೆದದ್ದು.

ಯರ್ರಪ್ಪನ ಹೋಟೆಲಿನ ಬೆಂಚಿನ ಮೇಲೆ ಗ್ರಾಫ್ ಹಾಳೆ ಹಾಸಿ
ಎಲ್ಲವನ್ನೂ ನೆಲದಿಂದ ಎಣಿಸಿದೆವು.
ಅವನ ಗೆರೆ, ನನ್ನ ಗೆರೆ, ಒಂದೇ ನೊಗದ ಜೋಡಿ,
ಕೂಡಿಕೊಂಡೇ ಇಳಿಜಾರು ಇಳಿಯುತ್ತಿವೆ.
ಅವು ಇಳಿದಂತೆಲ್ಲ ಶಾಹೀನಳದು ಏರುತ್ತದೆ, ಫ್ಲೋರೈಡು.
ಎಷ್ಟು ಆಳ ಅಂತಲ್ಲ, ಎಷ್ಟು ಬೇಗ ಇಳೀತಿದೆ ಅನ್ನೋದಕ್ಕೆ
ಬಣ್ಣ ಕೊಡಿ, ಅಂದಳು ಅವಳು.
ಯರ್ರಪ್ಪ ಬಗ್ಗಿ ನೋಡಿ
ಕಂದು ಪಟ್ಟೆಯ ತನ್ನ ಮುಂದಿನ ಹಲ್ಲನ್ನು ಉಗುರಿನಿಂದ ತಟ್ಟಿದ.
ಅದನ್ನು ಯಾವ ಕಾಲಮ್ಮಿಗೆ ಬರೆಯಲಿ, ತಿಳಿಯಲಿಲ್ಲ.

ಹಾಳೆ ಎರಡು ಜಿಲ್ಲೆಗೆ ಹೋಯಿತು, ಎರಡು ಲಿಪಿಯಲ್ಲಿ.
ಈ ಸಲದ ನಕ್ಷೆಯಲ್ಲಿ ಗೆರೆಯ ಆಚೆಗೂ ಕೆಂಪು.
ನಮ್ಮ ಹಳದಿ ತಿಂದೆ ಅಂತ ಓಬುಳೇಸುಗೆ ಅವನ ಸಾಹೇಬರು
ಒಂದು ವಾರ ಮಾತಾಡಿಸಲಿಲ್ಲವಂತೆ.
ಆಮೇಲೆ ಎರಡೂ ಕಡೆ ಹೊಸ ಬೋರಿನ ಅರ್ಜಿಗಳು
ಒಂದೇ ಮೇಜಿಗೆ ಬರತೊಡಗಿವೆ. ನೀರು ಬಂದಿಲ್ಲ.

ಕೊಳವೆಯ ಬುಡದಲ್ಲಿ ಹಳದಿ ಬಣ್ಣದ ಬಾಣ ಬರೆದಿದ್ದೇನೆ:
ಸೊನ್ನೆ ಇಲ್ಲಿ.
ಹಳೆಯ ರಿಜಿಸ್ಟರಿನಲ್ಲಿ ಆರು ವರ್ಷ, ಎಪ್ಪತ್ತೆರಡು ತಿಂಗಳು,
ಶಾಯಿ ಅಳಿಸುವಂತಿಲ್ಲ. ಪ್ರತಿ ಅಂಕಿಯ ಪಕ್ಕ
ಪೆನ್ಸಿಲಿನಲ್ಲಿ ಎರಡೆರಡು ಅಡಿ ಕಳೆಯುತ್ತಾ ಕೂತಿದ್ದೇನೆ,
ಇನ್ನೂ ಮೂರನೇ ವರ್ಷ.

"ಎಂತ ಲೋತು, ಮೇಡಂ?"
"ಎಲ್ಲಿಂದ?"